‘ಜರ್ಮನ್ ಬೆಳ್ಳಿ’ಯೋ, ‘ಜರ್ಮನಿಯ ಬೆಳ್ಳಿ’ಯೋ? ಒಂದು ಟಾಲರ್ ನಾಣ್ಯದ ಅಡಿಬರಹ

ಪ್ರಶ್ನೆ: ಜರ್ಮನಿಯ ಬ್ರೌನ್‌ಶ್ವೈಗ್ ಸಂಸ್ಥಾನದ ಡ್ಯೂಕ್ ಯೂಲಿಯುಸ್ (ಆಳ್ವಿಕೆ 1568–1589) ಹೊರಡಿಸಿದ ನಾಣ್ಯದ ಚಿತ್ರಕ್ಕೆ ‘ಜರ್ಮನ್ ಬೆಳ್ಳಿಯ ಥೇಲರ್, ಕೈಯಲ್ಲಿ ದೀಪ ಹಿಡಿದ ರಾಕ್ಷಸ’ ಎಂದು ಬರೆಯಬಹುದೇ? ‘ಆಲಿಯಿಸ್ ಇನ್‌ಸೆರ್ವಿಯೆಂದೊ ಕೊನ್‌ಸುಮೊರ್’ ಎಂಬ ಲ್ಯಾಟಿನ್ ಮಾತಿಗೆ ‘ಪರರಿಗಾಗಿ ಸವೆಯುತ್ತೇನೆ’ ಸರಿಹೋದೀತೇ?

ಉತ್ತರ: ‘ಜರ್ಮನ್ ಬೆಳ್ಳಿ’ ಖಂಡಿತ ಬೇಡ. ಜರ್ಮನ್ ಸಿಲ್ವರ್ ಅಂದರೆ ಓದುಗರಿಗೆ ನೆನಪಾಗುವುದು ಅರಿಸಿನ ಕುಂಕುಮದ ಬಟ್ಟಲು, ಆರತಿ ತಟ್ಟೆ. ಆ ಲೋಹದಲ್ಲಿ ಬೆಳ್ಳಿಯೇ ಇಲ್ಲ; ನೂರಕ್ಕೆ ಸುಮಾರು 60 ಪಾಲು ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ‘ಜರ್ಮನಿಯ ಬೆಳ್ಳಿ ನಾಣ್ಯ’ ಎನ್ನಿ. ಒಂದು ‘ಯ’ ಸೇರಿದರೆ ಗೊಂದಲವೇ ಇರುವುದಿಲ್ಲ.

ನಾಣ್ಯವೇ ಕೈಗೆ ಸಿಕ್ಕರೆ ಪರೀಕ್ಷೆ ಸುಲಭ. ಆಗ ಜರ್ಮನಿಯನ್ನು ಒಳಗೊಂಡಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ 1566ರ ನಾಣ್ಯ ನಿಯಮದಂತೆ ಟಾಲರ್‌ನ ತೂಕ ಸುಮಾರು 29.2 ಗ್ರಾಂ, ಶುದ್ಧತೆ ಸಾವಿರಕ್ಕೆ 889. ನೀರಿನ ಲೋಟವನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ನೂಲಿನಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ 2.8 ಗ್ರಾಂ ಆಸುಪಾಸು ತೋರಿಸಿದರೆ ಬೆಳ್ಳಿಯ ಲೆಕ್ಕಕ್ಕೆ ಹೊಂದುತ್ತದೆ. ಅಷ್ಟೇ ತೂಕದ ಜರ್ಮನ್ ಸಿಲ್ವರ್ ಬಿಲ್ಲೆಯಾದರೆ 3.4ರ ಹತ್ತಿರ ಬರುತ್ತದೆ. ಅಕ್ಷರಗಳ ಸಂದಿಯಲ್ಲಿ ಗಾಳಿಗುಳ್ಳೆ ಉಳಿದರೆ ಅಂಕಿ ಏರಿ, ಒಳ್ಳೆಯ ನಾಣ್ಯವೂ ಖೋಟಾ ಅನ್ನಿಸಿಬಿಡುತ್ತದೆ.

‘ಥೇಲರ್’ ಇಂಗ್ಲಿಷ್ ಓದಿನಿಂದ ಬಂದದ್ದು, ಟಾಲರ್ ಎಂದೇ ಬರೆಯಿರಿ. ಯೋಆಖಿಮ್ಸ್‌ಟಾಲ್ ಎಂಬ ಬೆಳ್ಳಿಗಣಿ ಊರಿನಿಂದ ಆ ಹೆಸರು. ‘ಟಾಲ್’ ಅಂದರೆ ಕಣಿವೆ. ಡಾಲರ್ ಕೂಡ ಅದರದೇ ಕುಡಿ.

ಮೈತುಂಬ ಕೂದಲು, ಸೊಂಟಕ್ಕೆ ಎಲೆಗಳ ಪಟ್ಟಿ, ಒಂದು ಕೈಯಲ್ಲಿ ಮರದ ಕಾಂಡ, ಇನ್ನೊಂದರಲ್ಲಿ ಉರಿಯುವ ಮೇಣದಬತ್ತಿ: ಇವನು ರಾಕ್ಷಸನಲ್ಲ. ಹಾರ್ಟ್ಸ್ ಬೆಟ್ಟಗಳ ಗಣಿ ಕೆಲಸದವರ ದಂತಕಥೆಯವನು. ವಿಲ್ಡೆಮಾನ್ ಎಂಬ ಗಣಿ ಊರಿಗೂ ಅವನದೇ ಹೆಸರು. ‘ವನಪುರುಷ’ ಅಂದರೆ ದೇವತೆಯಾಗಿಬಿಡುತ್ತಾನೆ, ‘ಆದಿವಾಸಿ’ ಅಂದರೆ ಈಗ ಬದುಕಿರುವ ಜನರಿಗೆ ಅನ್ಯಾಯ. ‘ಕಾಡುಮನುಷ್ಯ’ ಸಾಕು.

‘ಸವೆಯುತ್ತೇನೆ’ಯಲ್ಲಿ ತೇಯ್ದ ಗಂಧದ ಕೊರಡು, ಚಪ್ಪಲಿಯ ಅಟ್ಟೆ ಕಾಣುತ್ತವೆ, ಉಜ್ಜಾಟವಿಲ್ಲದೆ ಸವೆತವಿಲ್ಲ. ಮೇಣದಬತ್ತಿಗೆ ಅದು ಒಗ್ಗದು. ಮೂಲದ ಕ್ರಿಯಾಪದಕ್ಕೆ ‘ಮುಗಿದುಹೋಗುವುದು’ ಎಂಬ ಅರ್ಥವೇನೋ ಇದೆ, ಆದರೆ ‘ತೀರಿಹೋಗುತ್ತೇನೆ’ ಅಂದರೆ ಕನ್ನಡದಲ್ಲಿ ಸಾವು. ಬರೀ ‘ಕರಗುತ್ತೇನೆ’ ಅಂದರೆ ಮರುಕದಿಂದ ಮನ ಕರಗಿದಂತೆ. ‘ಕರಗಿಹೋಗು’ ಎಂದಾಗ ಬತ್ತಿಯೂ ಕಾಣುತ್ತದೆ, ಅದು ಬರಿದಾಗುವುದೂ ಕಾಣುತ್ತದೆ.

ಅಡಿಬರಹ ಹೀಗಿರಲಿ: ‘ಜರ್ಮನಿಯ ಬೆಳ್ಳಿ ಟಾಲರ್. ಮೇಣದಬತ್ತಿ ಹಿಡಿದ ಕಾಡುಮನುಷ್ಯ. ಬರಹ: ಪರರ ಸೇವೆಯಲ್ಲಿ ಕರಗಿಹೋಗುತ್ತೇನೆ.’