ಟೆಕ್ಸಾಸ್‌ನಲ್ಲಿ ಸಿಪ್ರಿಟ್ ಹಣದ ಮೇಲೆ ಮೊದಲ ಫ್ಯಾಕಲ್ಟಿ ಕೆಲಸ: ಅನುಭವ ಇರುವವರು ಹೇಳಿ

ಬೋಸ್ಟನ್ ಪೋಸ್ಟ್‌ಡಾಕ್: ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ ಆಗಿ ಸ್ತನ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಟೆಕ್ಸಾಸ್‌ನ ಒಂದು ಯೂನಿವರ್ಸಿಟಿ ಟೆನ್ಯೂರ್ ಟ್ರ್ಯಾಕ್ (ಮುಂದೆ ಕಾಯಂ ಆಗಬಹುದಾದ) ಹುದ್ದೆಗೆ ಕರೆದಿದೆ, ಕ್ಯಾನ್ಸರ್ ಸಂಶೋಧನೆಗೆ ಹಣ ಕೊಡುವ ಟೆಕ್ಸಾಸ್ ರಾಜ್ಯದ ಸಂಸ್ಥೆ ಸಿಪ್ರಿಟ್‌ಗೆ ನನ್ನ ಹೆಸರು ಕಳಿಸುತ್ತಾರಂತೆ. ಕೆ99 (ಪೋಸ್ಟ್‌ಡಾಕ್‌ಗಳು ಸ್ವಂತ ಲ್ಯಾಬ್ ಶುರುಮಾಡಲು ನೆರವಾಗುವ ಅಮೆರಿಕ ಸರ್ಕಾರದ ಗ್ರಾಂಟ್) ಇಲ್ಲ, ಎಚ್1ಬಿ ವೀಸಾ ಇದೆ. ಒಪ್ಪಿಕೊಳ್ಳಲಾ?

ಹ್ಯೂಸ್ಟನ್ ಲ್ಯಾಬ್: ನನ್ನ ಕಥೆ ಕೇಳಿ. 5 ವರ್ಷಕ್ಕೆ 20 ಲಕ್ಷ ಡಾಲರ್‌ವರೆಗೆ ಅಂದಾಗ ನಾನೂ ಹಿಗ್ಗಿದ್ದೆ. ಆದರೆ ಅರ್ಜಿ ಹಾಕುವುದು ಯೂನಿವರ್ಸಿಟಿ, ಹಣ ಬರುವುದೂ ಅದರ ಕೈಗೇ. ಗ್ರಾಂಟ್ ಮಂಜೂರಾದ ಮೇಲೆ, ಯೂನಿವರ್ಸಿಟಿ ಬಾಯಿಮಾತಲ್ಲಿ ಒಪ್ಪಿದ್ದ ಸ್ಟಾರ್ಟಪ್‌ನಲ್ಲಿ (ಲ್ಯಾಬ್ ಶುರುಮಾಡಲು ಅದು ಕೊಡುವ ಹಣ) 6 ಲಕ್ಷ ಡಾಲರ್ ಕಡಿತ. ‘ನಿಮಗೆ ಸಿಪ್ರಿಟ್ ಇದೆಯಲ್ಲ’ ಅಂದರು. ಖರ್ಚು ನೋಡಿ. ಇಲಿ ಕೇಜ್ ಒಂದಕ್ಕೆ ದಿನಕ್ಕೆ 1 ಡಾಲರ್. 200 ಕೇಜ್ ಅಂದರೆ ವರ್ಷಕ್ಕೆ 73,000, ಒಂದೂ ಪ್ರಯೋಗ ಮಾಡದಿದ್ದರೂ. ಪೋಸ್ಟ್‌ಡಾಕ್ ಒಬ್ಬರಿಗೆ ಇನ್ಶೂರೆನ್ಸ್ ಸೇರಿ 80,000 ದಾಟುತ್ತದೆ. ಒಂದು ಶನಿವಾರ ಮೈನಸ್ 80 ಡಿಗ್ರಿ ಫ್ರೀಜರ್ ಕೈಕೊಟ್ಟಿತು, ಸೋಮವಾರ ಬಾಗಿಲು ತೆಗೆದರೆ ಟ್ಯೂಮರ್ ಸ್ಯಾಂಪಲ್ಲೆಲ್ಲ ಕರಗಿ ಟ್ರೇನಲ್ಲಿ ಕೆಂಪು ನೀರು. ಕಂಪ್ರೆಸರ್ ಬಿಲ್ಲೂ ನನ್ನ ಅಕೌಂಟಿಗೇ.

ಡಲ್ಲಾಸ್ ಪಿಐ (ಲ್ಯಾಬ್ ಮುಖ್ಯಸ್ಥೆ): ಎಲ್ಲ ಕಡೆ ಹಾಗಲ್ಲ ಸರ್. ಸಿಪ್ರಿಟ್ ಇಲ್ಲದಿದ್ದರೆ ನನ್ನ ಲ್ಯಾಬೇ ಇರುತ್ತಿರಲಿಲ್ಲ. ಟೆಕ್ಸಾಸ್ ಜನ 2007ರಲ್ಲಿ ವೋಟು ಹಾಕಿ 300 ಕೋಟಿ ಡಾಲರ್ ಕೊಟ್ಟರು, 2019ರಲ್ಲಿ ಇನ್ನೊಂದು 300 ಕೋಟಿ. ಕ್ಯಾನ್ಸರ್ ವಿಜ್ಞಾನಿ ಜಿಮ್ ಅಲಿಸನ್ ನ್ಯೂಯಾರ್ಕ್ ಬಿಟ್ಟು ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರ್‌ಗೆ ಬಂದದ್ದು ಈ ಹಣದ ಬಲದಿಂದಲೇ, 2018ರಲ್ಲಿ ನೊಬೆಲ್ ಬಂತು. ಇನ್‌ಡೈರೆಕ್ಟ್ (ಕಟ್ಟಡ, ಕರೆಂಟು, ಆಡಳಿತದ ಖರ್ಚು) ಅಂತ ಯೂನಿವರ್ಸಿಟಿ ಗ್ರಾಂಟಿನಲ್ಲಿ 5 ಪರ್ಸೆಂಟ್‌ಗಿಂತ ಜಾಸ್ತಿ ಮುಟ್ಟುವಂತಿಲ್ಲ. ನಾನು ಸ್ಟಾರ್ಟಪ್ ಮೊತ್ತವನ್ನು ಆಫರ್ ಲೆಟರಿನಲ್ಲೇ ಬರೆಸಿಕೊಂಡೆ. ಬರೆಸಿಕೊಳ್ಳದೆ ಆಮೇಲೆ ಅಳುವುದು ಯಾಕೆ?

ಹ್ಯೂಸ್ಟನ್ ಲ್ಯಾಬ್: ಅಳುವುದಾ? ಮೇಡಂ, ‘ಲಿಸ್ಟಿನಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ’ ಅಂತ ವಿಭಾಗದ ಮುಖ್ಯಸ್ಥರು ಮುಖದ ಮೇಲೆ ಹೇಳಿದಾಗ ನೀವು ಅಲ್ಲಿರಲಿಲ್ಲ. ಅಲಿಸನ್ ಆಗಲೇ ಹೆಸರು ಮಾಡಿದ್ದವರು, ಅವರ ಗ್ರಾಂಟೇ ಬೇರೆ. 5 ಪರ್ಸೆಂಟ್ ಕಥೆಯನ್ನೂ ಪೂರ್ತಿ ಹೇಳಿ. ಗ್ರಾಂಟಿನ ಅರ್ಧದಷ್ಟು ಹಣವನ್ನು ಯೂನಿವರ್ಸಿಟಿ ತನ್ನ ಕಡೆಯಿಂದ ಮ್ಯಾಚಿಂಗ್ ಅಂತ ತೋರಿಸಬೇಕು ಅಂತ ಕಾನೂನಿದೆ. ಫೆಡರಲ್ ಸರ್ಕಾರದ ಗ್ರಾಂಟಿಗೆ ಇರುವ ಇನ್‌ಡೈರೆಕ್ಟ್ ರೇಟಿಗೂ ಈ 5ಕ್ಕೂ ಇರುವ ವ್ಯತ್ಯಾಸವನ್ನೇ ಮ್ಯಾಚಿಂಗ್ ಅಂತ ತೋರಿಸಬಹುದು. ನಮ್ಮ ಲ್ಯಾಬಿಗೆ ಅದರಿಂದ ಒಂದು ಡಾಲರೂ ಬರಲಿಲ್ಲ.

ಬೆಂಗಳೂರಿಗೆ ವಾಪಸ್: ಇಬ್ಬರೂ ಪುಣ್ಯವಂತರು. ನಾನು ಒಂದು ಫೆಲೋಶಿಪ್ ನಂಬಿ ಊರಿಗೆ ಬಂದೆ. ಎರಡನೇ ಕಂತು ಬರುವಷ್ಟರಲ್ಲಿ ನನ್ನ ಲ್ಯಾಬಿನ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುಡುಗಿ ಬೇರೆ ಕೆಲಸ ಹುಡುಕಿಕೊಂಡಳು. 58,000 ರೂಪಾಯಿಯ ಆಂಟಿಬಾಡಿ ಕಸ್ಟಮ್ಸ್‌ನಲ್ಲಿ ಕೂತು ಹಾಳಾಯಿತು. ಆದರೂ ಬಾಯಿ ಕ್ಯಾನ್ಸರ್ ಮೇಲೆ ಕೆಲಸ ಮಾಡುವವರಿಗೆ ಇಲ್ಲಿನಷ್ಟು ರೋಗಿಗಳ ಸ್ಯಾಂಪಲ್ ಅಮೆರಿಕದಲ್ಲಿ ಸಿಗುವುದಿಲ್ಲ. ಬಂದದ್ದಕ್ಕೆ ಬೇಸರವಿಲ್ಲ.

ಆಸ್ಟಿನ್ ಕನ್ನಡಿಗ: ಟೆಕ್ಸಾಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹ್ಯೂಸ್ಟನ್ ಲ್ಯಾಬ್: ಮನೆ ಟ್ಯಾಕ್ಸ್ ಕಟ್ಟಿದ್ದೀರಾ? ಕಳೆದ ವರ್ಷ ನನಗೆ 9,400 ಡಾಲರ್ ಬಂತು, ಇನ್ಶೂರೆನ್ಸ್ ಬೇರೆ.

ಆಸ್ಟಿನ್ ಕನ್ನಡಿಗ: ಬಾಡಿಗೆ ಮನೆಯಲ್ಲಿರಿ. ದೊಡ್ಡ ಮನೆ ತಗೊಳ್ಳಿ ಅಂತ ಯಾರು ಹೇಳಿದರು?

ಡಲ್ಲಾಸ್ ಪಿಐ: ಮನೆ ಜಗಳ ಸಾಕು. ಬೋಸ್ಟನ್ ಅವರೇ, ಬೇರೆ ಕಡೆ ಟೆನ್ಯೂರ್ ಟ್ರ್ಯಾಕ್‌ಗೆ ಸೇರಿಬಿಟ್ಟರೆ ಮೊದಲ ಸಲ ಫ್ಯಾಕಲ್ಟಿ ಆಗುವವರಿಗಿರುವ ಈ ಗ್ರಾಂಟ್ ಕೈತಪ್ಪುತ್ತದೆ. ಸಿಪ್ರಿಟ್ ಬರಲಿ ಬಿಡಲಿ, ಸ್ಟಾರ್ಟಪ್ ಎಷ್ಟು ಅಂತ ಡೀನ್ ಸಹಿ ಇರುವ ಕಾಗದ ತಗೊಳ್ಳಿ.

ಹ್ಯೂಸ್ಟನ್ ಲ್ಯಾಬ್: ಕಾಗದ ಕೇಳಿದರೆ ಕೊಡುವ ಡೀನ್ ಎಲ್ಲಿದ್ದಾರೆ ಅಂತಲೂ ಹೇಳಿ ಮೇಡಂ.