ಭೂಕಂಪನ ಸಂಶೋಧನಾ ಗುಂಪು ಬಿಟ್ಟು ಹೊರಡುವವರು ಏನೇನು ಒಪ್ಪಿಸಬೇಕು?

ಪ್ರಶ್ನೆ: ಪಿಎಚ್‌ಡಿ ಮುಗಿಸಿದವರು ಬೇರೆ ವಿಶ್ವವಿದ್ಯಾಲಯಕ್ಕೆ ಪೋಸ್ಟ್‌ಡಾಕ್ ಆಗಿ ಹೋಗುತ್ತಿದ್ದಾರೆ. ಅವರ ಕಂಪನ ಪಟ್ಟಿಯನ್ನು (ಯಾವ ಕಂಪನ ಎಲ್ಲಿ, ಯಾವಾಗ, ಎಷ್ಟು ಆಳದಲ್ಲಿ ಆಯಿತೆಂಬ ದಾಖಲೆ) ಮುಂದಿನವರು ಮತ್ತೆ ಲೆಕ್ಕ ಹಾಕಲು ಮಿನಿಸೀಡ್ ಕಡತಗಳಷ್ಟೇ (ಕೇಂದ್ರಗಳು ದಾಖಲಿಸಿದ ಅಲೆಗಳು) ಸಾಕೇ?

ಉತ್ತರ 1: ಖಂಡಿತ ಸಾಲದು. ಸ್ಟೇಷನ್‌ಎಕ್ಸ್‌ಎಂಎಲ್ (ಕೇಂದ್ರದ ಉಪಕರಣಗಳ ವಿವರವಿರುವ ಕಡತ) ಮೊದಲು ಕೇಳಿ ಪಡೆಯಿರಿ. ಸೆನ್ಸರ್ ಬದಲಿಸಿದ ದಿನಾಂಕ ಅದರಲ್ಲಿ ದಾಖಲಾಗದಿದ್ದರೆ ಹಳೆಯ ಗೇನ್ (ಉಪಕರಣ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಂಕಿ) ಲೆಕ್ಕದಲ್ಲಿ ಮುಂದುವರಿಯುತ್ತದೆ. ಗೇನ್ ಎರಡು ಪಟ್ಟು ತಪ್ಪಿದರೆ ಆ ಕೇಂದ್ರದ ಮ್ಯಾಗ್ನಿಟ್ಯೂಡ್ ಸುಮಾರು 0.3 ಸರಿಯುತ್ತದೆ. ಕೈಯಲ್ಲಿ ಗುರುತಿಸಿದ ಪಿ, ಎಸ್ ಅಲೆಗಳು (ಮೊದಲು ಬರುವ ವೇಗದ ಅಲೆ, ನಂತರದ ನಿಧಾನದ ಅಲೆ) ತಲುಪಿದ ಸಮಯಗಳೂ ಬೇಕು, ಪ್ರತಿಯೊಂದರ ಅನಿಶ್ಚಿತತೆಯ ಸಮೇತ. ತಿಂಗಳುಗಟ್ಟಲೆ ಕೂತು ಮಾಡಿದ ಈ ಕೆಲಸ ಕಳೆದುಹೋಗಬಾರದು.

ಉತ್ತರ 2: ವೇಗ ಮಾದರಿಯ (ನೆಲದೊಳಗೆ ಯಾವ ಆಳದಲ್ಲಿ ಅಲೆಗಳ ವೇಗ ಎಷ್ಟೆಂಬ ಲೆಕ್ಕ) ನಿಖರ ಆವೃತ್ತಿಯನ್ನೂ, ಪಿ-ಎಸ್ ವೇಗಗಳ ಅನುಪಾತವನ್ನೂ (ಸಾಮಾನ್ಯವಾಗಿ 1.73) ಬರೆಸಿಕೊಳ್ಳಿ. ಪಟ್ಟಿಯಲ್ಲಿ ಸಾಲುಸಾಲಾಗಿ 10 ಕಿ.ಮೀ. ಆಳ ಕಂಡರೆ ಅದು ಹೆಚ್ಚಾಗಿ ಅಳೆದದ್ದಲ್ಲ, ಪ್ರೋಗ್ರಾಮಿನಲ್ಲಿ ಸ್ಥಿರಗೊಳಿಸಿದ್ದು. ಹತ್ತಿರದ ಕೇಂದ್ರವೇ ಕಂಪನದ ಆಳಕ್ಕಿಂತ ಬಹಳ ದೂರದಲ್ಲಿದ್ದರೆ ಆಳ ಖಚಿತವಾಗಿ ಸಿಗುವುದೇ ಇಲ್ಲ. ಅಂಥವನ್ನು ಗುರುತು ಹಾಕದೆ ಬಿಟ್ಟರೆ, ಮುಂದೆ ಬರುವವರು ಇಲ್ಲದ ಸಮತಲ ಸ್ತರಭಂಗವೊಂದನ್ನು ‘ಕಂಡುಹಿಡಿಯುತ್ತಾರೆ’.

ಉತ್ತರ 3: ಜಿಪಿಎಸ್ ಗಡಿಯಾರದ ಲಾಗ್ ಮರೆಯಬೇಡಿ. ಉಪಗ್ರಹಗಳ ಲಾಕ್ ತಪ್ಪಿ ಗಡಿಯಾರ 0.1 ಸೆಕೆಂಡ್ ಜಾರಿದರೂ, 6 ಕಿ.ಮೀ./ಸೆ. ವೇಗದ ಪಿ ಅಲೆಗೆ ಅದು 600 ಮೀಟರ್ ತಪ್ಪು. ಲಾಗ್ ಸಿಗದಿದ್ದರೆ ಎರಡು ಕೇಂದ್ರಗಳ ಹಿನ್ನೆಲೆ ಸದ್ದನ್ನು ಕ್ರಾಸ್-ಕೋರಿಲೇಟ್ ಮಾಡಿ (ಒಂದನ್ನು ಇನ್ನೊಂದರ ಮೇಲೆ ಸರಿಸುತ್ತ ಹೋಲಿಕೆ ಅಳೆದು), ದಿನದಿಂದ ದಿನಕ್ಕೆ ಹೋಲಿಸಿ: ಫಲಿತಾಂಶದ ಎಡ-ಬಲ ಎರಡೂ ಶೃಂಗಗಳು ಒಂದೇ ದಿಕ್ಕಿಗೆ ಸರಿದಿದ್ದರೆ ದೋಷ ಗಡಿಯಾರದ್ದು.