ಕೇದಾರ, ಲೇಹ್ ಹೊಂಟವರ ತಲಿನೋವು: ನರರೋಗದ ಡಾಕ್ಟರ್ ಜೋಡಿ ಪ್ರಶ್ನೋತ್ತರ

ಅಡ್ಮಿನ್: ಇವತ್ತ ಸಂಜಿ 7ಕ್ಕ ಹುಬ್ಬಳ್ಳಿಯ ನರರೋಗದ ಡಾಕ್ಟರ್ ಮೇಡಂ ನಮ್ಮ ಯಾತ್ರಾ ಗ್ರೂಪಿನ್ಯಾಗ ಉತ್ತರಾ ಕೊಡ್ತಾರ. ಎತ್ತರದ ಜಾಗಾದಾಗ ಮಿದುಳಿಗೆ ಏನಾಗತೈತಿ, ಅಷ್ಟ ಕೇಳ್ರಿ. ಮೊಣಕಾಲು ನೋವು ಬ್ಯಾಡ.

ವಿದ್ಯಾನಗರ ಬುಲೆಟ್: ನಮಸ್ಕಾರ್ರೀ ಮೇಡಂ. ವಿಮಾನದಾಗ ಲೇಹ್‌ಗೆ ಹೊಂಟೀವಿ. ಅಲ್ಲೆ ಗಾಳಿಯಾಗ ಆಕ್ಸಿಜನ್ನ ಇರೂದಿಲ್ಲಂತ, ಖರೇನ?

ಡಾಕ್ಟರ್: ನಮಸ್ಕಾರ. ಇರತೈತಿ. ಹುಬ್ಬಳ್ಳಿಯಾಗೂ 21 ಪರ್ಸೆಂಟ್, ಲೇಹ್‌ದಾಗೂ 21. ಕಡಿಮಿ ಆಗೂದು ಗಾಳಿಯ ಒತ್ತಡ. 3,500 ಮೀಟರ್‌ದಾಗ ಒಂದು ಉಸಿರಿಗೆ ಸಿಗೂದು ಸಮುದ್ರಮಟ್ಟದ ಮೂರರಾಗ ಎರಡು ಪಾಲು. ಮಿದುಳು ಮೈತೂಕದ 2 ಪರ್ಸೆಂಟ್ ಇದ್ರೂ ಸುಮಾರು 20 ಪರ್ಸೆಂಟ್ ಆಕ್ಸಿಜನ್ ಅದಕ್ಕ ಬೇಕು, ಹಿಂಗಾಗಿ ಅದ ಮೊದಲು ತಕರಾರು ತಗೀತೈತಿ. ಮೊದಲಿನ ಎರಡು ದಿನ ಲೇಹ್‌ದಾಗ ಸುಮ್ಮ ಕುಂದರ್ರಿ. 3,000 ಮೀಟರ್ ದಾಟಿದ ಮ್ಯಾಲ ಮಲಗೂ ಜಾಗಾ ದಿನಕ್ಕ 500 ಮೀಟರ್‌ಗಿಂತ ಹೆಚ್ಚು ಏರಬಾರದು.

ಬೆಟಗೇರಿ ಗಿರ್ಮಿಟ್: ಎತ್ತರದ ತಲಿನೋವು ಬರದಂಗ ತಗೊಳ್ಳೂ ಡಯಾಮಾಕ್ಸ್ ಗುಳಿಗಿ ಯಾವಾಗ ಚಾಲೂ ಮಾಡೂದ್ರಿ?

ಡಾಕ್ಟರ್: ಸಾಮಾನ್ಯವಾಗಿ ಏರೂ ಹಿಂದಿನ ದಿನದಿಂದ, 125 ಮಿ.ಗ್ರಾಂ., ದಿನಕ್ಕ ಎರಡು ಸಲ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರಿ ಇದ್ದವರು ತಮ್ಮ ಡಾಕ್ಟರ್‌ನ್ನ ಕೇಳದ ಮುಟ್ಟಬ್ಯಾಡ್ರಿ.

ಉಣಕಲ್ ಅಕ್ಕ: ಫಾರ್ವರ್ಡ್ ಬಂದೈತಿ, ಎಲ್ಲಾರೂ ನೋಡ್ರಿ 🙏 ಕರ್ಪೂರ, ಲವಂಗ, ಅಜವಾನ ಅರಿವ್ಯಾಗ ಕಟ್ಟಿ ಮೂಸಿದರೆ ಆಕ್ಸಿಜನ್ ಮಟ್ಟ ಕೂಡಲೇ ಏರುತ್ತದೆ.

ಡಾಕ್ಟರ್: ಅಕ್ಕಾರ, ಕೊರೋನಾದಾಗೂ ಇದ ಗಂಟು ಬಂದಿತ್ತು. ಮೂಗು ತಂಪಾಗತೈತಿ, ಅಷ್ಟ. ರಕ್ತದಾಗ ಆಕ್ಸಿಜನ್ ಏರೂದಿಲ್ಲ. ಸಣ್ಣ ಹುಡುಗೂರು ಕರ್ಪೂರ ನುಂಗಿದ್ರ ಫಿಟ್ಸ್ ಬರತಾವ.

ಹಾವೇರಿ ಮಾಸ್ತರ: ನನಗ ಮೂರ್ಛೆ ರೋಗದ ಗುಳಿಗಿ ಚಾಲೂ ಅದಾವ. ಅಮರನಾಥಕ್ಕ ಹೋಗಬಹುದೇನ್ರಿ?

ಕೇಶ್ವಾಪುರ ತಂಗಿ: ಮೇಡಂ, ದಯವಿಟ್ಟು ನೋಡ್ರಿ. ನಮ್ಮ ಅಪ್ಪಾರು, 62, ಬಿ.ಪಿ. ಮತ್ತ ಶುಗರ್ ಐತಿ. ಮೊನ್ನೆ ಹೆಲಿಕಾಪ್ಟರ್‌ದಾಗ ಕೇದಾರಕ್ಕ ಏರಿದ್ರು, ಎರಡು ರಾತ್ರಿ ಅಲ್ಲೇ ಅದಾರ. ನಿನ್ನೆಯಿಂದ ತಲಿನೋವು, ಎರಡು ಸಲ ವಾಂತಿ. ಈಗ ಕಾಕಾ ಫೋನ್ ಮಾಡಿದ್ರು. ಕುಡದವರಂಗ ತೂರಾಡಾಕತ್ತಾರಂತ, ಜಾಕೆಟ್ಟಿನ ಗುಂಡಿ ಹಾಕ್ಕೊಳ್ಳಾಕ ಆಗವಲ್ದಂತ. ದಣದಾರ, ಮಲಗಿಸಿದ್ರ ಮುಂಜಾನಿಗೆ ಸರಿ ಆಗತೈತಿ ಅಂತಾರ ಕಾಕಾ.

ಡಾಕ್ಟರ್: ಮಲಗಿಸಬ್ಯಾಡ್ರಿ! ಮೊದಲು ಕಾಕಾಗ ಫೋನ್ ಹಚ್ಚ್ರಿ, ಆಮ್ಯಾಲೆ ಇದನ್ನ ಓದ್ರಿ.
ತಲಿನೋವು, ವಾಂತಿ, ನಿದ್ದಿ ಇಲ್ಲ ಅನ್ನೂತನಕ ಏರೂದು ನಿಲ್ಲಿಸಿ ಕಾಯಬಹುದು. ನಡಿಗಿ ತಪ್ಪಿತು, ಮಾತು ಅಡ್ಡಾದಿಡ್ಡಿ ಆತು ಅಂದ್ರ ಮಿದುಳು ಬಾತೈತಿ ಅಂತ ತಿಳೀಬೇಕು. ಆಕ್ಸಿಜನ್ ಸಾಲದಾಗ ರಕ್ತನಾಳ ಹಿಗ್ಗಿ ನೀರು ಸೋರತೈತಿ. ತಲಿಬುರುಡಿ ಹಿಗ್ಗೂದಿಲ್ಲ, ಒಳಗ ಒತ್ತಡ ಏರತೈತಿ. ಅಂಥವರು ನಿದ್ದಿಯಾಗ ಕೋಮಾಕ್ಕ ಹೋಗಿಬಿಡ್ತಾರ, ಬಾಜೂಕ ಮಲಗಿದವರಿಗೆ ಗೊರಕಿ ಅನಸತೈತಿ.
ಅಲ್ಲಿ ವೈದ್ಯಕೀಯ ಕೇಂದ್ರ ಐತಿ. ಎತ್ತಿಕೊಂಡ ಹೋಗ್ರಿ, ನಡಸಬ್ಯಾಡ್ರಿ. ಆಕ್ಸಿಜನ್ ಹಚ್ಚಲಿ, ಮಿದುಳಿನ ಬಾವು ಇಳಸೂ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡ್ಲಿ, ಕೂಡ್ಲೆ ಕೆಳಗ ಇಳಸಲಿ. ಕೇದಾರ ಸುಮಾರು 3,580 ಮೀಟರ್, ಗೌರಿಕುಂಡ 2,000ದ ಆಸುಪಾಸು. ಆ ಇಳಿತಾನ ಔಷಧ.
ಇನ್ನೊಂದು. ಶುಗರ್ ಇಳದ್ರೂ ಹಿಂಗ ಆಗತೈತಿ, ಲಕ್ವಾ ಹೊಡದ್ರೂ ಆಗತೈತಿ. ಶುಗರ್ ಈಗಿಂದೀಗ ನೋಡ್ಲಿ. ಬಾಯಿ ಸೊಟ್ಟ ಆಗೇತೇನು, ಒಂದ ಕಡೆ ಕೈ ಬಿದ್ದೈತೇನು ಕೇಳ್ರಿ. ಮಂಪರ ಇದ್ರ ಬಾಯಾಗ ಏನೂ ಹಾಕಬಾರದು.

ಗರಡಿಮನಿ ಹುಡುಗ: ಸುಮ್ಮ ಹೆದರಸ್ತೀರಿ. ನಮ್ಮ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 2016ರಾಗ ಸಿಯಾಚಿನ್‌ದಾಗ 19,600 ಅಡಿ ಮ್ಯಾಲ, ಹಿಮದಾಗ ಆರು ದಿನ ಜೀವ ಹಿಡಕೊಂಡಿದ್ರು. ಮೈ ಗಟ್ಟಿ ಇರಬೇಕ್ರಿ.

ಮಾಜಿ ಸೈನಿಕ, ಗದಗ: ತಮ್ಮಾ, ಅವರ ಹೆಸರು ಇಲ್ಲಿ ಎಳೀಬ್ಯಾಡ. ಅದು ಹಿಮಕುಸಿತ. ಮಿಲಿಟ್ರಿಯಾಗ ಮೊದಲ ಹಂತಕ್ಕನ ಆರು ದಿನ ತಡದು ಆಮ್ಯಾಲೆ ಮ್ಯಾಲ ಬಿಡ್ತಾರ. ನೀವು ಹೆಲಿಕಾಪ್ಟರ್‌ದಾಗ ಹತ್ತು ನಿಮಿಷಕ್ಕ ಏರ್ತೀರಿ.

ಗರಡಿಮನಿ ಹುಡುಗ: ಅಣ್ಣಾರ, ನಾ ದಿನಾ ಐನೂರು ಬಸ್ಕಿ ಹೊಡೀತೀನಿ.

ಮಾಜಿ ಸೈನಿಕ, ಗದಗ: ಹೊಡಿ. ಬಸ್ಕಿಗೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಪಲಟನ್‌ದಾಗ ಎಲ್ಲಾರಿಗಿಂತ ಮೊದಲು ಓಡಾವನ ಮೊದಲು ಬಿದ್ದ.

ಉಣಕಲ್ ಅಕ್ಕ: ಲೇಹ್‌ದಾಗ ಡ್ರೈವರ್‌ಗಳೂ ಕರ್ಪೂರ ಇಟ್ಟಿರ್ತಾರ. ಅವರೇನು ಹುಚ್ಚರ? ಇಂಗ್ಲಿಷ್ ಡಾಕ್ಟರ್‌ಗಳಿಗೆ ಮನಿಮದ್ದು ಅಂದ್ರ ಆಗೂದಿಲ್ಲ.

ವಿದ್ಯಾನಗರ ಬುಲೆಟ್: ಅಕ್ಕಾರ, ಅಲ್ಲೆ ಒಬ್ಬರ ಜೀವದ ಮಾತು ನಡದೈತಿ.

ಉಣಕಲ್ ಅಕ್ಕ: ನಿನಗ್ಯಾರು ಕೇಳಿದ್ರು?

ಬಂಕಾಪುರ ಚೌಕ: ಡಯಾಮಾಕ್ಸ್ ಎಷ್ಟು ಮಿ.ಗ್ರಾಂ.?

ಡಾಕ್ಟರ್: ಮ್ಯಾಲ ಬರದೀನಿ.

ಧಾರವಾಡ ಫೇಡಾ: ಮೇಡಂ, ಡಯಾಮಾಕ್ಸ್ ತಗೊಂಡ ಮ್ಯಾಲ ಸ್ವಲ್ಪ ತಗೋಬಹುದ? ಥಂಡಿಗೆ 😄

ಡಾಕ್ಟರ್: ಬ್ಯಾಡ. ಕುಡದ ಅಮಲು ಯಾವುದು, ಮಿದುಳಿನ ಬಾವು ಯಾವುದು ಅಂತ ಜೊತಿಗಿದ್ದವರಿಗೆ ತಿಳಿಯೂದಿಲ್ಲ. ಅಡ್ಮಿನ್, ಫಾರ್ವರ್ಡ್ ಬಂದ್ ಮಾಡ್ತೀರೋ, ನಾ ಹೋಗಲ್ಯೊ? ಕೇಶ್ವಾಪುರ ತಂಗಿ, ಏನಾತು?

ಕೇಶ್ವಾಪುರ ತಂಗಿ: ಕೇಂದ್ರಕ್ಕ ಒಯ್ದಾರ್ರಿ. ಶುಗರ್ 140. ಬಾಯಿ, ಕೈ ಸರಿ ಅದಾವಂತ. ಆಕ್ಸಿಜನ್ ಹಚ್ಚಿ ಇಂಜೆಕ್ಷನ್ ಕೊಟ್ಟಾರ. ಈಗ ಕಾಕಾನ ಹೆಸರು ಹಿಡದು ಕರದ್ರಂತ. ಆದ್ರ ಕೆಳಗ ಬರಾಂಗಿಲ್ಲಂತ ಹಟಾ ಹಿಡದಾರ, ಮುಂಜಾನಿ ಪೂಜಾ ಐತಿ ಅಂತ.

ಡಾಕ್ಟರ್: ಹುಷಾರಾಗಿದ್ದು ಇಂಜೆಕ್ಷನ್‌ದಿಂದ. ಅಮಲು ಇಳದ ಮ್ಯಾಲ ಮತ್ತ ಬೀಳ್ತಾರ. ಅಡ್ಮಿನ್ ಕಡೆ ನನ್ನ ನಂಬರ್ ಐತಿ, ಇಸ್ಕೊಂಡು ಹಚ್ಚಿ ಫೋನ್ ಅವರ ಕೈಯಾಗ ಕೊಡಸ್ರಿ.